ಮನೆಯ ಬೆಕ್ಕು: ಪ್ರೀತಿಯ ಜೊತೆ ಶುಚಿತ್ವದ ಹೊಣೆಯೂ ಇರಲಿ

ಬೆಕ್ಕಿನ ವಿಷಯವನ್ನು ಮನುಷ್ಯರ ವೈದ್ಯರಲ್ಲಿ ಕೇಳುವುದೇನಿದೆ ಎಂದು ಕೆಲವರಿಗೆ ಅನಿಸಬಹುದು. ಆದರೆ ನನ್ನ ದವಾಖಾನೆಯಲ್ಲಿ ಬೆಕ್ಕಿನ ಮಾತು ಬರದ ವಾರ ಇಲ್ಲವೆಂದೇ ಹೇಳಬೇಕು. "ಡಾಕ್ಟ್ರೇ, ಸೊಸೆಗೆ ಈಗ ಎರಡು ತಿಂಗಳು. ಬೆಕ್ಕನ್ನು ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರಬೇಕಾ?" ಎಂದು ಒಬ್ಬರು ಅತ್ತೆ ಕೇಳುತ್ತಾರೆ. "ಮಗುವಿಗೆ ಬೆಕ್ಕು ಸ್ವಲ್ಪ ಪರಚಿದೆ. ಅರಿಶಿನ ಹಚ್ಚಿದ್ದೇವೆ. ನಮ್ಮ ಮನೆಯದೇ ಬೆಕ್ಕು, ಇಂಜೆಕ್ಷನ್ ಯಾಕೆ?" ಎಂದು ಒಬ್ಬ ತಂದೆ ಕೇಳುತ್ತಾರೆ. "ಬೆಕ್ಕು ಬಾಯಿ ಹಾಕಿದ ನೀರಿನಲ್ಲಿ ವುಝೂ ಮಾಡಬಹುದಂತೆ, ಹಾಗಾದರೆ ಅದು ನೆಕ್ಕಿದ ಹಾಲನ್ನು ಮಗುವಿಗೆ ಕುಡಿಸಿದರೆ ಏನು ತಪ್ಪು?" ಎಂದು ಮತ್ತೊಬ್ಬರು ಕೇಳುತ್ತಾರೆ.

ಈ ಪ್ರಶ್ನೆಗಳಲ್ಲಿ ಒಂದು ಬೆಕ್ಕಿನ ಬಗ್ಗೆ ಅತಿಯಾದ ಭಯದಿಂದ ಬಂದದ್ದು. ಉಳಿದ ಎರಡು ಅತಿಯಾದ ನಿಶ್ಚಿಂತೆಯಿಂದ ಬಂದವು. ಎರಡೂ ಸರಿಯಲ್ಲ. ಬೆಕ್ಕನ್ನು ಹೊರಹಾಕುವ ಅಗತ್ಯವಿಲ್ಲ, ಎಚ್ಚರಿಕೆಯನ್ನು ಬಿಡುವಂತೆಯೂ ಇಲ್ಲ. ಯಾವ ವಿಷಯದಲ್ಲಿ ಹೆದರಬೇಕು, ಯಾವುದರಲ್ಲಿ ಹೆದರಬೇಕಾಗಿಲ್ಲ ಎಂಬುದನ್ನು ಮನೆಯವರೆಲ್ಲ ತಿಳಿದುಕೊಂಡಿರಬೇಕು.

ತಹಾರತ್ ಬೇರೆ, ಚಿಕಿತ್ಸೆ ಬೇರೆ

ಅಬೂ ಕತಾದ(ರ)ರ ಸೊಸೆ ಕಬ್‌ಶಾ ಅವರಿಂದ ವರದಿಯಾದ ಹದೀಸ್ ಅಬೂದಾವೂದ್, ತಿರ್ಮಿದಿ ಮುಂತಾದ ಗ್ರಂಥಗಳಲ್ಲಿದೆ. ಅಬೂ ಕತಾದ(ರ)ರಿಗೆ ವುಝೂ ಮಾಡಲು ನೀರಿಟ್ಟಾಗ ಬೆಕ್ಕೊಂದು ಕುಡಿಯಲು ಬಂತು. ಅವರು ಪಾತ್ರೆಯನ್ನು ವಾಲಿಸಿ ಅದಕ್ಕೆ ಕುಡಿಯಲು ಬಿಟ್ಟರು. ಸೊಸೆ ಅಚ್ಚರಿಯಿಂದ ನೋಡುವುದನ್ನು ಕಂಡು, ಬೆಕ್ಕು ನಜಸ್ ಅಲ್ಲ, ಅದು ನಮ್ಮ ನಡುವೆ ಸುತ್ತಾಡಿಕೊಂಡಿರುವ ಜೀವಿ ಎಂದು ಪ್ರವಾದಿವರ್ಯರು(ಸ) ಹೇಳಿರುವುದನ್ನು ತಿಳಿಸಿದರು. ಬೆಕ್ಕನ್ನು ಮನೆಯೊಳಗೆ ಇಟ್ಟುಕೊಳ್ಳಲು ನಮ್ಮವರಿಗೆ ಸಂಕೋಚವಿಲ್ಲದಿರುವುದಕ್ಕೆ ಈ ಹದೀಸ್ ಕಾರಣ.

ಇದು ನೀರಿನ ಶುದ್ಧಿಯ ವಿಷಯ. ಬೆಕ್ಕಿನಿಂದ ಕಾಯಿಲೆ ಹರಡುವುದಿಲ್ಲ ಎಂದಾಗಲಿ, ಅದು ಕಚ್ಚಿದ ಗಾಯಕ್ಕೆ ಮದ್ದು ಬೇಡ ಎಂದಾಗಲಿ ಇದರ ಅರ್ಥವಲ್ಲ. ನಮ್ಮ ನಿಮ್ಮ ಬಾಯಿಯೂ ನಜಸ್ ಅಲ್ಲ. ಆದರೂ ಕ್ಷಯ ಇರುವವರು ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ ಎಂದು ಹೇಳುತ್ತೇವೆ. ಬೆಕ್ಕಿನ ವಿಷಯವೂ ಹಾಗೆಯೇ. ಅದು ಬಾಯಿ ಹಾಕಿದ ಹಾಲನ್ನು ಎಳೆಯ ಮಗುವಿಗೆ ಕೊಡಬೇಡಿ. ಬೆಕ್ಕಿಗೆ ಬೇರೆ ಬಟ್ಟಲು ಇಡಿ, ಅದನ್ನು ತೊಳೆಯುವ ಸ್ಪಂಜನ್ನೂ ಬೇರೆಯೇ ಇಡಿ.

ಇನ್ನೊಂದು ಮಾತು. ಬೆಕ್ಕಿನ ಬಾಯಿಯ ಬಗ್ಗೆ ಇರುವ ವಿನಾಯಿತಿ ಅದರ ಮಲಮೂತ್ರಕ್ಕಿಲ್ಲ. ಮುಸಲ್ಲಾದ ಮೇಲೆ ಬೆಕ್ಕು ಮೂತ್ರ ಮಾಡಿದರೆ ಒರೆಸಿ ಒಣಗಿಸಿದರೆ ಸಾಲದು, ಚೆನ್ನಾಗಿ ತೊಳೆಯಬೇಕು. ವೈದ್ಯಕೀಯವಾಗಿಯೂ ಅದೇ ಸರಿ. ವಾಸನೆ ಉಳಿದರೆ ಬೆಕ್ಕು ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಉದುರಿದ ಕೂದಲಿನ ಬಗ್ಗೆ ಮಝ್‌ಹಬ್‌ಗಳಲ್ಲಿ ವಿವರಗಳು ಬೇರೆ ಬೇರೆ ಇವೆ, ಅದನ್ನು ನಿಮ್ಮ ಊರಿನ ಆಲಿಮರಲ್ಲಿ ಕೇಳಿ. ನಮಾಝಿನ ಬಟ್ಟೆ ಮತ್ತು ಮುಸಲ್ಲಾವನ್ನು ಬಾಗಿಲಿರುವ ಕಪಾಟಿನಲ್ಲಿಟ್ಟರೆ ಈ ಚಿಂತೆಯೇ ಇರುವುದಿಲ್ಲ.

ಆರು ಅಗತ್ಯಗಳು ಬೆಕ್ಕಿಗೂ ಇವೆ

ಆರೋಗ್ಯ ಉಳಿಯಲು ಆರು ವಿಷಯಗಳು ಸರಿಯಾಗಿರಬೇಕು ಎಂದು ಯುನಾನಿ ವೈದ್ಯಪದ್ಧತಿ ಹೇಳುತ್ತದೆ. ಇವನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಕೊನೆಯದಾಗಿ ದೇಹದಿಂದ ಹೊರಹೋಗಬೇಕಾದದ್ದು ಹೊರಹೋಗಿ ಉಳಿಯಬೇಕಾದದ್ದು ಉಳಿಯುವುದು. ಮನುಷ್ಯರಿಗಾಗಿ ಹೇಳಿದ ಈ ಪಟ್ಟಿಯನ್ನು ಬೆಕ್ಕಿನ ಆರೈಕೆಗೂ ಇಟ್ಟುಕೊಂಡರೆ ಯಾವುದನ್ನೂ ಮರೆಯುವುದಿಲ್ಲ.

ಗಾಳಿ: ಬೆಕ್ಕನ್ನು ಬಚ್ಚಲಲ್ಲಿ, ಮುಚ್ಚಿದ ಬಾಲ್ಕನಿಯಲ್ಲಿ ಕೂಡಿಹಾಕಬೇಡಿ. ಈಗ ಪೇಟೆಗಳಲ್ಲಿ ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳನ್ನು ಸಾಕುವವರು ಹೆಚ್ಚಾಗಿದ್ದಾರೆ. ಅವುಗಳ ಮುಖ ಚಪ್ಪಟೆ, ಉಸಿರಾಟದ ದಾರಿ ಕಿರಿದು. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಇವು ಬಹಳ ಕಷ್ಟಪಡುತ್ತವೆ. ತಂಪಾದ ನೆಲ, ಫ್ಯಾನಿನ ಗಾಳಿ, ದಿನವೂ ಬಾಚುವುದು ಇವಕ್ಕೆ ಬೇಕೇ ಬೇಕು. ಇಷ್ಟು ಸಮಯ ಕೊಡಲಾಗದವರಿಗೆ ನಮ್ಮ ಊರಿನ ಗಿಡ್ಡ ಕೂದಲಿನ ಬೆಕ್ಕೇ ಒಳ್ಳೆಯದು.

ಅನ್ನಪಾನ: ಬೆಕ್ಕು ಮಾಂಸಾಹಾರಿ. ಹಾಲು ಅನ್ನ ಕಲಸಿ ಹಾಕಿದರೆ ಹೊಟ್ಟೆ ತುಂಬಬಹುದು, ಪೋಷಣೆ ಸಿಗುವುದಿಲ್ಲ. ಟಾರಿನ್ ಎಂಬ ಅಂಶ ಬೆಕ್ಕಿಗೆ ಮಾಂಸ, ಮೀನುಗಳಿಂದಲೇ ಸಿಗಬೇಕು. ಅದು ಬಹುಕಾಲ ಕಡಿಮೆಯಾದರೆ ಕಣ್ಣು ಕುರುಡಾಗಬಹುದು, ಹೃದಯ ದುರ್ಬಲವಾಗಬಹುದು. ಬೇಯಿಸಿದ ಕೋಳಿ, ಮುಳ್ಳು ತೆಗೆದ ಬೇಯಿಸಿದ ಮೀನು ಕೊಡಿ. ಬೇಯಿಸುವಾಗ ಟಾರಿನ್ ಸ್ವಲ್ಪ ನೀರಿಗೆ ಇಳಿಯುವುದರಿಂದ ಆ ನೀರನ್ನೂ ಜೊತೆಗೆ ಹಾಕಿ. ಕಲೇಜ ವಾರದಲ್ಲಿ ಒಂದೆರಡು ತುಂಡು ಸಾಕು, ದಿನವೂ ಕೊಟ್ಟರೆ ಎ ಜೀವಸತ್ವ ಹೆಚ್ಚಾಗಿ ಮೂಳೆಗಳಿಗೆ ತೊಂದರೆ. ಮನೆಯ ಅಡುಗೆಯೊಂದೇ ಸಾಲದಾದಾಗ ಬೆಕ್ಕಿಗೆಂದೇ ತಯಾರಿಸಿದ ಆಹಾರ ಸೇರಿಸಿದರೆ ಕೊರತೆ ತುಂಬುತ್ತದೆ.

ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದಿಲ್ಲ. "ಏನು ಮಾಡಿದರೂ ಬೆಕ್ಕಿಗೆ ಭೇದಿ ನಿಲ್ಲುತ್ತಿಲ್ಲ" ಎನ್ನುವ ಮನೆಗಳಲ್ಲಿ ಹಾಲು ನಿಲ್ಲಿಸಿದ ಮೇಲೆ ಸರಿಹೋದದ್ದುಂಟು.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಬಿರಿಯಾನಿ ಮತ್ತು ಸಾಲನ್. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಹಸಿಯಾಗಿದ್ದರೂ ಬೆಂದಿದ್ದರೂ ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದಸ್ತರ್‌ಖಾನಿನಲ್ಲಿ ಉಳಿದ ಮಸಾಲೆಯ ತುಂಡುಗಳನ್ನು ಬೆಕ್ಕಿಗೆ ಎಸೆಯುವ ರೂಢಿ ಬಿಡಿ. ಅಡುಗೆಗೆ ಮಸಾಲೆ ಹಾಕುವ ಮುನ್ನ ಎರಡು ತುಂಡು ಬೇರೆ ಬೇಯಿಸಿಟ್ಟರೆ ಸಾಕು. ಬೆಂದ ಕೋಳಿಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿಯನ್ನೂ ಕೊಡಬಾರದು. ನೀರಿನ ಬಟ್ಟಲನ್ನು ಊಟದ ಬಟ್ಟಲಿನಿಂದ ಸ್ವಲ್ಪ ದೂರ ಇಟ್ಟು, ದಿನಕ್ಕೆರಡು ಬಾರಿ ನೀರು ಬದಲಿಸಿ.

ದೇಹ, ಮನಸ್ಸು, ನಿದ್ದೆ: ಬೆಕ್ಕು ದಿನದಲ್ಲಿ ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ಮಲಗುವುದು ಸಹಜ. ಅದನ್ನು ಎಬ್ಬಿಸಿ ಆಡಿಸುವ ಮಕ್ಕಳೇ ಹೆಚ್ಚಾಗಿ ಪರಚಿಸಿಕೊಳ್ಳುತ್ತಾರೆ. ಮಲಗಿರುವಾಗ, ತಿನ್ನುವಾಗ, ಮರಿಗಳಿಗೆ ಹಾಲೂಡಿಸುವಾಗ ಬೆಕ್ಕನ್ನು ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಿ. ಬಾಲ ಎಳೆಯಬಾರದು, ಬರಿಗೈ ಆಡಿಸಿ ಕಚ್ಚಿಸಿಕೊಳ್ಳಬಾರದು. ಆಟಕ್ಕೆ ಕೋಲಿಗೆ ಕಟ್ಟಿದ ಬಟ್ಟೆಯ ತುಂಡು ಸಾಕು. ಮನೆಗೆ ನೆಂಟರು ಬಂದಾಗ, ಮದುವೆಯ ಗದ್ದಲದಲ್ಲಿ, ಪಟಾಕಿಯ ಸದ್ದಿನಲ್ಲಿ ಬೆಕ್ಕಿಗೆ ಅಡಗಿಕೊಳ್ಳಲು ಒಂದು ಮೂಲೆ ಇರಲಿ.

ವಿಸರ್ಜನೆ: ಹಿತ್ತಲಿಲ್ಲದ ಮನೆಗಳಲ್ಲಿ ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಮರಳು ಅಥವಾ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಮರಳು ಹಾಕಿಡಿ. ಒಂದು ಬೆಕ್ಕಿಗೆ ಒಂದು ತಟ್ಟೆ, ಸಾಧ್ಯವಾದರೆ ಇನ್ನೊಂದು ಹೆಚ್ಚಿಗೆ ಇರಲಿ. ಅಡುಗೆಮನೆಯಿಂದ ದೂರ ಇಡಿ. ಮಲವನ್ನು ದಿನವೂ ತೆಗೆಯಬೇಕು. ಯಾಕೆ ದಿನವೂ ಎಂಬುದನ್ನು ಮುಂದೆ ಹೇಳುತ್ತೇನೆ. ಮಕ್ಕಳು ಆಡುವ ಮರಳಿನ ರಾಶಿ, ಮನೆ ಕಟ್ಟಲು ತಂದು ಹಾಕಿದ ಮರಳು ಬೆಕ್ಕಿಗೆ ಇಷ್ಟವಾದ ಜಾಗ. ಅದನ್ನು ಟಾರ್ಪಾಲಿನಿಂದ ಮುಚ್ಚಿಡಿ.

ಗಂಡು ಬೆಕ್ಕು ಮತ್ತೆ ಮತ್ತೆ ತಟ್ಟೆಗೆ ಹೋಗಿ ಮುಕ್ಕುತ್ತಾ ಕೂಗುತ್ತಿದ್ದರೆ ಮಲಬದ್ಧತೆ ಎಂದುಕೊಳ್ಳಬೇಡಿ. ಮೂತ್ರನಾಳ ಕಟ್ಟಿರಬಹುದು. ಒಂದೆರಡು ದಿನದಲ್ಲಿ ಜೀವ ಹೋಗುವ ಸ್ಥಿತಿ ಅದು, ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಗರ್ಭಿಣಿ ಇರುವ ಮನೆಯಲ್ಲಿ ಬೆಕ್ಕು

ಗರ್ಭಿಣಿಯಾದೊಡನೆ ಬೆಕ್ಕನ್ನು ಚೀಲದಲ್ಲಿ ಹಾಕಿ ದೂರ ಬಿಟ್ಟುಬರುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಇದರ ಹಿಂದಿರುವ ಕಾಯಿಲೆಯ ಹೆಸರು ಟಾಕ್ಸೊಪ್ಲಾಸ್ಮೋಸಿಸ್. ಇದನ್ನು ಉಂಟುಮಾಡುವ ಪರಾವಲಂಬಿ ಜೀವಿಯನ್ನು 1908ರಲ್ಲಿ ಟುನೀಷಿಯಾದ ಟ್ಯೂನಿಸ್ ನಗರದಲ್ಲಿ ಗುಂಡಿ ಎಂಬ ಇಲಿಜಾತಿಯ ಪ್ರಾಣಿಯಲ್ಲಿ ಮೊದಲು ಗುರುತಿಸಿದರು. ಈ ಜೀವಿ ಮೊಟ್ಟೆಯಂಥ ಕಣಗಳಾಗಿ ಹೊರಬರುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಲ್ಲಿ ಮಾತ್ರ. ಹೆಂಗಸಿಗೆ ಗರ್ಭಾವಸ್ಥೆಯಲ್ಲಿ ಮೊದಲ ಬಾರಿ ಈ ಸೋಂಕು ತಗುಲಿದರೆ ಗರ್ಭಪಾತವಾಗಬಹುದು, ಮಗುವಿನ ಕಣ್ಣಿಗೆ, ಮೆದುಳಿಗೆ ಹಾನಿಯಾಗಬಹುದು. ಆದ್ದರಿಂದ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ.

ಆದರೆ ಸೋಂಕು ಬರುವ ದಾರಿ ನೋಡಿ. ಬೆಕ್ಕನ್ನು ಮುಟ್ಟಿದರೆ, ಮಡಿಲಲ್ಲಿ ಕೂರಿಸಿದರೆ ಬರುವುದು ಬಹಳ ಅಪರೂಪ. ಇಲಿ, ಹಕ್ಕಿ ಅಥವಾ ಹಸಿಮಾಂಸ ತಿಂದ ಬೆಕ್ಕು ಸಾಮಾನ್ಯವಾಗಿ ತನ್ನ ಮೊದಲ ಸೋಂಕಿನ ನಂತರ ಒಂದೆರಡು ವಾರ, ಹೆಚ್ಚೆಂದರೆ ಮೂರು ವಾರ ಮಾತ್ರ ಆ ಕಣಗಳನ್ನು ಹೊರಹಾಕುತ್ತದೆ. ಹೊರಬಿದ್ದ ಕಣವೂ ಆ ಕ್ಷಣದಲ್ಲಿ ಸೋಂಕು ತಗುಲಿಸುವುದಿಲ್ಲ. ಅದಕ್ಕೆ ಒಂದರಿಂದ ಐದು ದಿನ ಬೇಕು. ಮರಳಿನ ತಟ್ಟೆಯನ್ನು ದಿನವೂ ಶುಚಿಮಾಡಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಆ ಕೆಲಸವನ್ನು ಗರ್ಭಿಣಿಯ ಬದಲು ಮನೆಯ ಬೇರೆಯವರು ಮಾಡಲಿ. ಗಂಡ ಮಾಡಿದರೆ ಇನ್ನೂ ಒಳ್ಳೆಯದು. ಯಾರೂ ಇಲ್ಲದಿದ್ದರೆ ಕೈಗವಸು ಹಾಕಿಕೊಂಡು ಮಾಡಿ, ನಂತರ ಸೋಪಿನಿಂದ ಕೈ ತೊಳೆಯಲಿ. ಹಿತ್ತಲಲ್ಲಿ ಗಿಡ ನೆಡುವಾಗ, ಮಣ್ಣು ಮುಟ್ಟುವಾಗಲೂ ಕೈಗವಸು ಇರಲಿ.

ಇನ್ನೊಂದು ದೊಡ್ಡ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ, ಅದು ಅರೆಬೆಂದ ಮಾಂಸ. ಕೀಮಾ ಕಬಾಬಿಗೆ ಉಪ್ಪು ಸರಿಯಿದೆಯೇ ಎಂದು ಹಸಿ ಮಿಶ್ರಣವನ್ನೇ ನಾಲಿಗೆಗೆ ಹಚ್ಚಿ ನೋಡುವುದು ಎಷ್ಟು ಮನೆಗಳಲ್ಲಿಲ್ಲ? ಬಕ್ರೀದಿನ ದಿನ ಮಾಂಸ ಹೆಚ್ಚಿದ ಮಣೆ, ಚಾಕುವಿನಲ್ಲೇ ಸೌತೆಕಾಯಿ ಹೆಚ್ಚುವುದಿಲ್ಲವೇ? ಬೆಕ್ಕನ್ನು ಊರಾಚೆ ಬಿಟ್ಟು ಬಂದು ಇವನ್ನು ಮುಂದುವರಿಸಿದರೆ ಗರ್ಭಿಣಿಗೆ ರಕ್ಷಣೆ ಸಿಗುವುದಿಲ್ಲ. ಮಾಂಸ ಒಳಗೆ ಕೆಂಪು ಉಳಿಯದಂತೆ ಬೇಯಲಿ. ಒಂದು ಉಂಡೆ ಕರಿದು ರುಚಿ ನೋಡಿ. ಹಸಿ ತರಕಾರಿ, ಹಣ್ಣುಗಳನ್ನು ಚೆನ್ನಾಗಿ ತೊಳೆಯಿರಿ. ಬೆಕ್ಕಿಗೂ ಹಸಿಮಾಂಸ ಹಾಕಬೇಡಿ. ಅನುಮಾನವಿದ್ದರೆ ಹೆರಿಗೆ ತಜ್ಞರಲ್ಲಿ ಹೇಳಿ ರಕ್ತಪರೀಕ್ಷೆ ಮಾಡಿಸಬಹುದು. ಗರ್ಭಾವಸ್ಥೆಯಲ್ಲಿ ಹೊಸ ಮರಿಯನ್ನು ಮನೆಗೆ ತರುವುದನ್ನು ಮಾತ್ರ ಮುಂದೂಡಿ.

ಕಚ್ಚಿದರೆ, ಪರಚಿದರೆ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ. ಹುಚ್ಚುನಾಯಿ ರೋಗ ಎಂದು ನಾವು ಕರೆಯುವ ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ. ರೋಗ ತಗುಲಿದ ನಾಯಿಯೋ ಬೇರೆ ಪ್ರಾಣಿಯೋ ಕಚ್ಚಿದ ಬೆಕ್ಕಿಗೂ ಅದು ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೆ ಬರುತ್ತದೆ. ನಮ್ಮ ಮನೆಯ ಬೆಕ್ಕು ರಾತ್ರಿ ಎಲ್ಲಿ ಹೋಗಿ ಯಾರೊಡನೆ ಕಾದಾಡಿ ಬಂತೆಂದು ನಮಗೆ ಗೊತ್ತಿರುವುದಿಲ್ಲ. ಆದ್ದರಿಂದ "ಮನೆಯದೇ ಬೆಕ್ಕು" ಎಂಬುದು ಸಮಾಧಾನದ ಮಾತಾಗದು.

ಯುನಾನಿಯಲ್ಲಿ ಈ ರೋಗಕ್ಕೆ ದಾಉಲ್ ಕಲಬ್ ಎನ್ನುತ್ತಾರೆ. ಇಬ್ನ್ ಸೀನಾ (980-1037) ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಹುಚ್ಚುನಾಯಿ ಕಡಿತದ ಬಗ್ಗೆ, ರೋಗಿಗೆ ಉಂಟಾಗುವ ನೀರಿನ ಭಯದ ಬಗ್ಗೆ ಬರೆದಿದ್ದಾರೆ. ಆ ಕಾಲದಲ್ಲಿ ಲಸಿಕೆ ಇರಲಿಲ್ಲ. 1885ರಲ್ಲಿ ಲೂಯಿ ಪಾಶ್ಚರ್ ಅವರು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಟ್ಟು ಬದುಕಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಯುನಾನಿ ವೈದ್ಯನಾಗಿಯೇ ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ: ರೇಬೀಸ್ ತಡೆಯುವ ಯಾವ ಮಾಜೂನ್, ಯಾವ ಸಫೂಫ್, ಯಾವ ಕಷಾಯವೂ ನಮ್ಮಲ್ಲಿಲ್ಲ. ಲಸಿಕೆಯೊಂದೇ ದಾರಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಪದ್ಧತಿಯಲ್ಲೂ ಮದ್ದಿಲ್ಲ, ಸಾವು ಬಹುತೇಕ ಖಚಿತ. ಅದನ್ನು ತಡೆಯುವ ಅವಕಾಶ ಇರುವುದು ಕಚ್ಚಿದ ನಂತರ, ಲಕ್ಷಣ ಕಾಣುವ ಮೊದಲು. ತಾವೀಝ್ ಕಟ್ಟಿಸಿ, ನೂಲು ಮಂತ್ರಿಸಿ ಆ ಅವಕಾಶ ಕಳೆದುಕೊಳ್ಳಬೇಡಿ. ದುಆ ಮಾಡಿ, ಆಸ್ಪತ್ರೆಗೂ ಹೋಗಿ.

ಮಾಡಬೇಕಾದದ್ದು ಇಷ್ಟು:

1. ತಕ್ಷಣ ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಗಾಯವನ್ನು 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ. ಒಂದು ಚೊಂಬು ನೀರು ಸುರಿದರೆ ತೊಳೆದಂತಾಗಲಿಲ್ಲ. ನಂತರ ಮನೆಯಲ್ಲಿದ್ದರೆ ಪೊವಿಡೋನ್ ಅಯೋಡಿನ್ ಹಚ್ಚಿ.

2. ಅರಿಶಿನ, ಸುಣ್ಣ, ಮೆಣಸಿನ ಪುಡಿ, ಕಾಫಿಪುಡಿ, ಎಣ್ಣೆ, ಸುರ್ಮಾ ಏನನ್ನೂ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ.

3. ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಾರದ ಸಣ್ಣ ಗೀರಿಗೂ ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ, ಗಾಯವಿದ್ದ ಜಾಗವನ್ನು ಅಥವಾ ಕಣ್ಣು, ಬಾಯಿಯನ್ನು ಬೆಕ್ಕು ನೆಕ್ಕಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೋಗ್ಲೋಬುಲಿನ್ ಕೂಡ ಕೊಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ ಅಥವಾ ಬೆಕ್ಕನ್ನು ಮುಟ್ಟಿದರೆ ತೊಳೆದುಕೊಂಡರೆ ಸಾಕು.

4. ಹೊಕ್ಕುಳಿನ ಸುತ್ತ 14 ಇಂಜೆಕ್ಷನ್ ಎಂಬುದು ಹಳೆಯ ಮಾತು. ಈಗ ತೋಳಿನ ಚರ್ಮದಲ್ಲಿ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಎರಡು ಇಂಜೆಕ್ಷನ್ ಆದ ಮೇಲೆ "ಗಾಯ ಮಾಯಿತಲ್ಲ" ಎಂದು ನಿಲ್ಲಿಸುವವರು ಬಹಳ. ಗಾಯ ಮಾಯುವುದಕ್ಕೂ ವೈರಸ್ಸಿಗೂ ಸಂಬಂಧವಿಲ್ಲ. ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿ.

5. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಎಳೆಯ ಮಕ್ಕಳು ಎಲ್ಲರೂ ಈ ಲಸಿಕೆ ತೆಗೆದುಕೊಳ್ಳಬಹುದು. ದಿನ ಕಳೆದುಹೋಗಿದ್ದರೂ ಹೋಗಿ. ತಡವಾಯಿತೆಂದು ಸುಮ್ಮನಿರುವುದು ಇನ್ನೂ ಅಪಾಯ.

6. ಬೆಕ್ಕನ್ನು ಹೊಡೆದು ಓಡಿಸಬೇಡಿ. ಹತ್ತು ದಿನ ಮನೆಯಲ್ಲಿಟ್ಟು ಗಮನಿಸಿ. ಏಕಾಏಕಿ ಸ್ವಭಾವ ಬದಲಾಗುವುದು, ಜೊಲ್ಲು ಸುರಿಸುವುದು, ದನಿ ಒಡೆಯುವುದು, ಹಿಂಗಾಲು ಎಳೆಯುವುದು ಕಂಡರೆ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ಹತ್ತು ದಿನವೂ ಬೆಕ್ಕು ಆರೋಗ್ಯವಾಗಿದ್ದರೆ ಅದನ್ನು ನಿಮ್ಮ ವೈದ್ಯರಿಗೆ ಹೇಳಿ, ಉಳಿದ ಡೋಸಿನ ಬಗ್ಗೆ ಅವರು ನಿರ್ಧರಿಸುತ್ತಾರೆ. ಆದರೆ ಹತ್ತು ದಿನ ನೋಡೋಣ ಎಂದು ಮೊದಲ ಡೋಸನ್ನೇ ಮುಂದೂಡಬಾರದು.

ಮಕ್ಕಳ ವಿಷಯದಲ್ಲಿ ಒಂದು ಕಿವಿಮಾತು. ಬೈಗುಳಕ್ಕೆ ಹೆದರಿ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ. "ಬೆಕ್ಕು ಕಚ್ಚಿದರೆ ನನ್ನಲ್ಲಿ ಹೇಳು, ನಾನು ಬೈಯುವುದಿಲ್ಲ, ಬೆಕ್ಕನ್ನೂ ಹೊರಹಾಕುವುದಿಲ್ಲ" ಎಂದು ಮೊದಲೇ ಮಾತು ಕೊಟ್ಟಿಡಿ. ಕೆಲವು ಮನೆಗಳಲ್ಲಿ ಮಗುವಿನ ಜೀವ ಉಳಿಸಲು ಈ ಮಾತೇ ಸಾಕಾದೀತು.

ರೇಬೀಸ್ ಅಲ್ಲದೆ ಬೇರೆ ತೊಂದರೆಗಳೂ ಉಂಟು. ಬೆಕ್ಕಿನ ಹಲ್ಲು ಸೂಜಿಯಂತೆ ಸಣ್ಣದು, ಗಾಯ ಮೇಲೆ ಚಿಕ್ಕದಾಗಿ ಕಂಡರೂ ಆಳಕ್ಕೆ ಹೋಗಿರುತ್ತದೆ. ಒಂದು ದಿನದೊಳಗೆ ಕೈ ಊದಿ ಕೆಂಪಾಗಿ ನೋಯತೊಡಗಿದರೆ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪರಚಿದ ಒಂದೆರಡು ವಾರಗಳ ನಂತರ ಕಂಕುಳಲ್ಲಿ ಅಥವಾ ಕುತ್ತಿಗೆಯಲ್ಲಿ ಗಂಟು ಕಾಣಿಸಿ ಜ್ವರ ಬಂದರೆ ವೈದ್ಯರಲ್ಲಿ ಬೆಕ್ಕಿನ ವಿಷಯ ತಪ್ಪದೆ ಹೇಳಿ. ಚಿಗಟಗಳ ಮೂಲಕ ಬೆಕ್ಕಿನಿಂದ ಬೆಕ್ಕಿಗೆ ಹರಡುವ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣವಾಗಿರಬಹುದು.

ಉಬ್ಬಸ ಮತ್ತು ಹುಳುಕಡ್ಡಿ

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆ ಎಂದು ಅಜ್ಜಿಯರು ಹೇಳುತ್ತಾರೆ. ವಿಷಯ ಸ್ವಲ್ಪ ಬೇರೆ. ಅಲರ್ಜಿ ತರುವುದು ಬೆಕ್ಕಿನ ಜೊಲ್ಲು ಮತ್ತು ಚರ್ಮದ ಗ್ರಂಥಿಗಳಲ್ಲಿರುವ ಒಂದು ಪ್ರೋಟೀನ್. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಧೂಳಾಗಿ ಗಾಳಿಗೆ ಸೇರುತ್ತದೆ. ಎಲ್ಲರಿಗೂ ಇದರಿಂದ ತೊಂದರೆಯಿಲ್ಲ. ಝೀಕುನ್ನಫಸ್ ಅಂದರೆ ಉಬ್ಬಸ ಈಗಾಗಲೇ ಇರುವವರು, ಬೆಕ್ಕಿನ ಹತ್ತಿರ ಹೋದಾಗ ಕಣ್ಣು ತುರಿಸಿ ಸೀನು ಬರುವವರು ಎಚ್ಚರದಿಂದಿರಬೇಕು. ಅಂಥವರ ಮಲಗುವ ಕೋಣೆಗೆ ಬೆಕ್ಕಿಗೆ ಪ್ರವೇಶ ಬೇಡ. ಒಣ ಕಸಬರಿಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಇಷ್ಟು ಮಾಡಿಯೂ ಮಗುವಿಗೆ ರಾತ್ರಿ ಏದುಸಿರು ನಿಲ್ಲದಿದ್ದರೆ ಬೆಕ್ಕಿಗೆ ಒಳ್ಳೆಯ ಬೇರೆ ಮನೆ ಹುಡುಕುವುದೇ ಸರಿ. ಇನ್ಹೇಲರನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮರಿಗಳ ಕಿವಿ, ಮೂತಿ, ಕಾಲಿನಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟೆದ್ದರೆ ಅದು ಹುಳುಕಡ್ಡಿ. ಮನೆಯವರ ಕೈ, ಕುತ್ತಿಗೆಗೆ ಅದು ಬೇಗ ಹರಡುತ್ತದೆ. ಬೆಕ್ಕಿಗೂ ಮನೆಯವರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲು ತುರಿಕೆ ನಿಲ್ಲಿಸುತ್ತದೆ, ಆಮೇಲೆ ಹುಳುಕಡ್ಡಿ ಇನ್ನಷ್ಟು ಹಬ್ಬುತ್ತದೆ.

ಬೆಕ್ಕಿಗೆ ಕೊಡಿಸಬೇಕಾದ ಲಸಿಕೆ

ಎಲ್ಲಕ್ಕಿಂತ ಮೊದಲು ಬೆಕ್ಕಿಗೇ ರೇಬೀಸ್ ಲಸಿಕೆ ಹಾಕಿಸಿ. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಮುಂದೆ ಪಶುವೈದ್ಯರು ಹೇಳಿದಂತೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಮರಿಗಳನ್ನು ಎರಡು ಮೂರು ದಿನದಲ್ಲಿ ಕೊಲ್ಲಬಲ್ಲ ವಾಂತಿಭೇದಿಯ ವೈರಸ್ ರೋಗ ಮತ್ತು ಶೀತದ ವೈರಸ್‌ಗಳ ವಿರುದ್ಧ ಒಂದೇ ಲಸಿಕೆ ಇದೆ. ಅದನ್ನು ಆರರಿಂದ ಎಂಟು ವಾರದಲ್ಲಿ ಶುರುಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಜಂತುಹುಳುವಿನ ಔಷಧಿ ಮರಿಗಳಿಗೆ ಎರಡು ವಾರಕ್ಕೊಮ್ಮೆ, ದೊಡ್ಡದಕ್ಕೆ ಮೂರು ತಿಂಗಳಿಗೊಮ್ಮೆ ಬೇಕಾಗುತ್ತದೆ. ಲಸಿಕೆಯ ಪುಸ್ತಕವನ್ನು ಮಕ್ಕಳ ಲಸಿಕೆ ಕಾರ್ಡಿನ ಜೊತೆಗೇ ಇಡಿ.

ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು. ಸುಮಾರು 65 ದಿನಗಳಲ್ಲಿ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಬಾರಿ. ಆ ಮರಿಗಳನ್ನು ಮಸೀದಿಯ ಅಂಗಳದಲ್ಲೋ ಮಾರ್ಕೆಟಿನಲ್ಲೋ ಬಿಟ್ಟುಬರುವುದು ಕರುಣೆಯಲ್ಲ. ತಾಯಿ ಇಲ್ಲದ ಮರಿಗಳು ಹಸಿವಿನಿಂದಲೋ ನಾಯಿಗಳ ಬಾಯಿಗೆ ಸಿಕ್ಕೋ ಸಾಯುತ್ತವೆ. ಪಶುವೈದ್ಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಲಭ್ಯವಿದೆ. ಇದರಿಂದ ಗಂಡು ಬೆಕ್ಕುಗಳ ಅಲೆದಾಟ, ಕಾದಾಟ ಕಡಿಮೆಯಾಗುತ್ತದೆ, ಅದರಿಂದ ರೇಬೀಸ್ ಅಪಾಯವೂ ಕಡಿಮೆ. ಇದರ ಧಾರ್ಮಿಕ ವಿಧಿಯ ಬಗ್ಗೆ ಸಂದೇಹವಿರುವವರು ಆಲಿಮರಲ್ಲಿ ಕೇಳಿ ಮುಂದುವರಿಯಲಿ.

ನಮ್ಮ ಮದ್ದು ಬೆಕ್ಕಿಗೆ ಬೇಡ

ಬೆಕ್ಕಿನ ಯಕೃತ್ತು ನಮ್ಮ ಯಕೃತ್ತಿನಂತೆ ಕೆಲಸ ಮಾಡುವುದಿಲ್ಲ. ಜ್ವರವೆಂದು ಕೊಟ್ಟ ಪ್ಯಾರಾಸಿಟಮಾಲಿನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಮೈ ಬೆಚ್ಚಗಿದೆ ಎಂಬುದೇ ಜ್ವರವಲ್ಲ. ಬೆಕ್ಕಿನ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಹೆಚ್ಚು. ನಮ್ಮ ದವಾಖಾನೆಯ ಎಣ್ಣೆಗಳೂ ಅಷ್ಟೇ. ನೀಲಗಿರಿ ಎಣ್ಣೆ, ಲವಂಗದ ಎಣ್ಣೆ, ಕರ್ಪೂರ ಬೆರೆತ ರೋಗನ್‌ಗಳನ್ನು ಬೆಕ್ಕಿನ ಮೈಗೆ ಹಚ್ಚಬೇಡಿ. ಹಚ್ಚಿದ್ದನ್ನೆಲ್ಲ ಅದು ನೆಕ್ಕಿ ನುಂಗುತ್ತದೆ. ನಾಯಿಯ ಉಣ್ಣೆ, ಚಿಗಟಗಳಿಗೆ ಹಚ್ಚುವ ಪರ್ಮೆಥ್ರಿನ್ ಔಷಧಿಯೂ ಬೆಕ್ಕಿಗೆ ವಿಷ. ನುಸಿಗುಳಿಗೆ, ಇಲಿಪಾಷಾಣ, ಫಿನಾಯಿಲ್ ಅದರ ಕೈಗೆಟುಕದಂತಿರಲಿ. ಹೂದಾನಿಯಲ್ಲಿಡುವ ಲಿಲ್ಲಿ ಹೂವು ಅದರ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಎರಡು ದಿನ ಏನೂ ತಿನ್ನದ ಬೆಕ್ಕನ್ನು ಪಶುವೈದ್ಯರಿಗೆ ತೋರಿಸಲೇಬೇಕು.

ಹೊಣೆ ಹೊತ್ತ ಮೇಲೆ

ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ಆಹಾರ ಕೊಡದೆ, ತಿರುಗಾಡಿ ತಿನ್ನಲೂ ಬಿಡದೆ ಸಾಯಿಸಿದ ಹೆಣ್ಣು ಅದಕ್ಕಾಗಿ ಶಿಕ್ಷೆಗೊಳಗಾದಳೆಂಬ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಬೆಕ್ಕನ್ನು ಸಾಕಲೇಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ. ಮನೆಯೊಳಗೆ ತಂದು ಬಾಗಿಲು ಹಾಕಿದ ಮೇಲೆ ಅದರ ಊಟ, ನೀರು, ರೋಗರುಜಿನವೆಲ್ಲ ನಮ್ಮ ಹೊಣೆ. ಸಾಕಲು ಆಗದಿದ್ದರೆ ಬೀದಿಗೆ ಬಿಡದೆ, ಚೆನ್ನಾಗಿ ನೋಡಿಕೊಳ್ಳುವವರ ಕೈಗೆ ಕೊಡಿ.

ಬೆಕ್ಕಿರುವ ಮನೆಯವರು ಈ ವಾರವೇ ಮೂರು ಕೆಲಸ ಮಾಡಿ. ಬೆಕ್ಕಿಗೆ ರೇಬೀಸ್ ಲಸಿಕೆ ಕೊನೆಯದಾಗಿ ಯಾವಾಗ ಹಾಕಿಸಿದ್ದು ಎಂದು ಪುಸ್ತಕ ತೆಗೆದು ನೋಡಿ, ಅವಧಿ ಮೀರಿದ್ದರೆ ಅಥವಾ ಹಾಕಿಸಿಯೇ ಇಲ್ಲದಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಮರಳಿನ ತಟ್ಟೆಯನ್ನು ದಿನವೂ ಯಾರು ಶುಚಿಮಾಡುವುದೆಂದು ಮನೆಯಲ್ಲಿ ನಿಗದಿ ಮಾಡಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಬೆಕ್ಕು ಕಚ್ಚಿದರೆ ಪರಚಿದರೆ ಮೊದಲು ಸೋಪು ಮತ್ತು ನೀರು, ಆಮೇಲೆ ಅಮ್ಮನಿಗೆ ಹೇಳುವುದು, ನಂತರ ಆಸ್ಪತ್ರೆ ಎಂದು ಕಲಿಸಿಕೊಡಿ.